ನೇರ ಗೆರೆ ಕಂಡರೆ ಅನುಮಾನ: ಮಲಾವಿಯ ಹೆರಿಗೆ ವಾರ್ಡಿನಲ್ಲಿ ಎಂಟು ತಿಂಗಳು

ನರ್ಸಿಂಗ್ ಪಾಠ ಮಾಡಲು ಆಫ್ರಿಕಾದ ಮಲಾವಿಗೆ ಹೋಗುತ್ತೇನೆ ಎಂದಾಗ ನಮ್ಮ ಸೋಮವಾರಪೇಟೆ ಕಡೆ ಎಲ್ಲರೂ ಕೇಳಿದ ಮೊದಲ ಪ್ರಶ್ನೆ ‘ಸಂಬಳ ಎಷ್ಟು?’ ಸಂಬಳವಿಲ್ಲ, ಇರಲು ಒಂದು ಮನೆ, ಊಟದ ಖರ್ಚಿಗಾಗುವಷ್ಟು ಭತ್ಯೆ ಎಂದರೆ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಕೊಡಗಿನ ನರ್ಸುಗಳು ಹೊರದೇಶಕ್ಕೆ ಹೋಗುವುದು ಹೊಸದಲ್ಲ. ಕುವೈತ್, ಸೌದಿ, ಐರ್ಲೆಂಡ್ ಎಂದರೆ ಯಾರಿಗೂ ಅರ್ಥವಾಗುತ್ತದೆ. ಕಾಸಿಲ್ಲದ ಕೆಲಸಕ್ಕೆ ಆಫ್ರಿಕಾದವರೆಗೆ ಹೋಗುವುದು ಮಾತ್ರ ಅರ್ಥವಾಗಲಿಲ್ಲ. ನನ್ನ ಭಾವ ಕಾಫಿ ಕಣದಲ್ಲಿ ನಿಂತುಕೊಂಡೇ, ‘ಸೇವೆ ಮಾಡುವ ಆಸೆ ಅಷ್ಟಿದ್ದರೆ ನಮ್ಮ ತೋಟದ ಕಾರ್ಮಿಕರ ಲೈನ್ ಮನೆಗಳಿಗೇ ಹೋಗಬಹುದಲ್ಲ’ ಎಂದರು. ಮಾತು ಚುಚ್ಚಿತು. ಅದರಲ್ಲಿ ತಪ್ಪೇನೂ ಇರಲಿಲ್ಲವಲ್ಲ! ಅದಕ್ಕೆ ಉತ್ತರ ಹುಡುಕುತ್ತ ಕೂತರೆ ಹೋಗುವುದೇ ಆಗುವುದಿಲ್ಲ ಎಂದು ಅರ್ಜಿ ಹಾಕಿಬಿಟ್ಟೆ.

ಕಾಗದಪತ್ರದ ಕೆಲಸಕ್ಕೆ ನಾಲ್ಕು ತಿಂಗಳು ಹಿಡಿಯಿತು. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಿಂದ ನೋಂದಣಿ ಸರಿಯಿದೆ ಎಂಬ ಪತ್ರ, ಪದವಿ ಪ್ರಮಾಣಪತ್ರಗಳಿಗೆ ಹೊರದೇಶದಲ್ಲಿ ಮಾನ್ಯವಾಗುವ ಅಪೊಸ್ಟಿಲ್ ಮುದ್ರೆ, ಪೊಲೀಸ್ ಪರಿಶೀಲನೆಯ ಪತ್ರ, ಇವೆಲ್ಲ ಆದ ಮೇಲೆ ಮಲಾವಿಯ ನರ್ಸಸ್ ಮತ್ತು ಮಿಡ್‌ವೈವ್ಸ್ ಕೌನ್ಸಿಲ್‌ನಲ್ಲಿ ತಾತ್ಕಾಲಿಕ ನೋಂದಣಿ. ಕೊನೆಯದನ್ನು ಬಿಡಬೇಡಿ. ‘ನಾನು ಪಾಠ ಮಾಡಲು ಬಂದವಳು, ರೋಗಿಯನ್ನು ಮುಟ್ಟುವುದಿಲ್ಲ’ ಎಂದು ವಾದಿಸುವವರಿದ್ದಾರೆ. ಹೆರಿಗೆ ವಾರ್ಡಿನಲ್ಲಿ ಕೈಕಟ್ಟಿ ನಿಂತು ಪಾಠ ಮಾಡಲು ಯಾರಿಗೂ ಸಾಧ್ಯವಿಲ್ಲ. ಅಡಿಸ್ ಅಬಾಬಾ ಮೂಲಕ ಹೋಗಿಬರುವುದಿದ್ದುದರಿಂದ ಹಳದಿ ಜ್ವರದ ಲಸಿಕೆಯನ್ನು ಬೆಂಗಳೂರಿಗೆ ಹೋಗಿ ಹಾಕಿಸಿಕೊಂಡೆ. ಅದರ ಪ್ರಮಾಣಪತ್ರ ಲೆಕ್ಕಕ್ಕೆ ಬರುವುದು ಲಸಿಕೆಯಾದ ಹತ್ತು ದಿನಗಳ ನಂತರ, ಹಾಗಾಗಿ ಹೊರಡುವ ವಾರಕ್ಕೆ ಇಟ್ಟುಕೊಂಡರೆ ಉಪಯೋಗವಿಲ್ಲ. ಮಲೇರಿಯಾ ತಡೆಗೆ ದಿನಕ್ಕೊಂದು ಡಾಕ್ಸಿಸೈಕ್ಲಿನ್. ಊರಿಗೆ ಬಂದ ಮೇಲೂ ನಾಲ್ಕು ವಾರ ನುಂಗಬೇಕು ಎಂಬುದನ್ನು ನರ್ಸುಗಳೇ ಮರೆಯುತ್ತಾರೆ. ನಾನೂ ಎರಡು ದಿನ ಮರೆತೆ.

2024ರ ಮಾರ್ಚ್‌ನಲ್ಲಿ, ಕಾಫಿ ಕೊಯ್ಲು ಮುಗಿದು ಮನೆಯವರು ಕಾಫಿ ಹೂ ಅರಳಿಸುವ ಹೂಮಳೆಗಾಗಿ ಆಕಾಶ ನೋಡುತ್ತಿದ್ದ ಹೊತ್ತಿನಲ್ಲಿ ಹೊರಟೆ. ನನಗೆ ಸಿಕ್ಕಿದ್ದು ದಕ್ಷಿಣ ಮಲಾವಿಯ ಗುಡ್ಡಸೀಮೆ. ಸುತ್ತ ಚಹಾ ತೋಟ, ಕೆಂಪು ಮಣ್ಣು. ಮೇ ಕಳೆದ ಮೇಲೆ ಅಲ್ಲಿಗೆ ‘ಚಿಪೆರೋನಿ’ ಎಂಬ ಮಂಜು ಬೆರೆತ ತುಂತುರು ಮಳೆ ಬರುತ್ತದೆ. ಅದು ಬಂದ ಮೊದಲ ದಿನ ಕಿಟಕಿ ತೆಗೆದು ನೋಡಿ, ಒಣಗದ ಬಟ್ಟೆಗಳನ್ನು ಒಳಗೆ ಎಳೆದುಕೊಂಡು, ಮಡಿಕೇರಿಯಿಂದ ಇಷ್ಟು ದೂರ ಬಂದದ್ದು ಇದಕ್ಕೇನಾ ಎಂದು ಒಬ್ಬಳೇ ನಕ್ಕೆ. ಮೆಕ್ಕೆಜೋಳದ ಹಿಟ್ಟಿನ ನ್ಸಿಮಾವನ್ನು ತಟ್ಟೆಗೆ ಹಾಕಿದಾಗ ನಾನು ಮುದ್ದೆ ಮುರಿಯುವಂತೆ ಮುರಿದೆ. ಮನೆಯೊಡತಿಗೆ ನನ್ನ ಮೇಲೆ ವಿಶ್ವಾಸ ಬಂದದ್ದು ಆವತ್ತೇ ಇರಬೇಕು.

ನನ್ನ ಪೆಟ್ಟಿಗೆಯ ಕಥೆಯನ್ನೂ ಹೇಳಬೇಕು. ಕಲಿಸಲು ಎಂದು ಒಂದಿಷ್ಟು ಸಾಮಾನು ಹೊತ್ತಿದ್ದೆ. ಅದರಲ್ಲಿ ಲ್ಯಾಮಿನೇಟ್ ಮಾಡಿಸಿದ ಚಾರ್ಟುಗಳಲ್ಲಿ ಸೀರೆ ಉಟ್ಟ ಗರ್ಭಿಣಿಯರು, ಕೆಳಗೆ ಕನ್ನಡದ ಅಕ್ಷರ. ಗಡಿಬಿಡಿಯಲ್ಲಿ ನಮ್ಮ ನರ್ಸಿಂಗ್ ಶಾಲೆಯ ಕಟ್ಟನ್ನೇ ತುರುಕಿಕೊಂಡು ಬಂದಿದ್ದೆ. ಡಿಜಿಟಲ್ ಬಿ.ಪಿ. ಯಂತ್ರ ಮೂರನೆಯ ವಾರಕ್ಕೆ ಬಾಯಿ ಮುಚ್ಚಿತು. ಕೊನೆಯವರೆಗೂ ಉಳಿದು ಕೆಲಸಕ್ಕೆ ಬಂದವು ಎರಡೇ: ಸೆಕೆಂಡು ಮುಳ್ಳಿನ ಕೈಗಡಿಯಾರ, ಮಗುವಿನ ಎದೆಬಡಿತ ಕೇಳುವ ಹಳೆಯ ಫೀಟೋಸ್ಕೋಪ್.

ಅಲ್ಲಿ ನರ್ಸ್-ಮಿಡ್‌ವೈಫ್ ತಂತ್ರಜ್ಞ ಎಂಬ ಡಿಪ್ಲೊಮಾ ಇದೆ. ನರ್ಸಿಂಗ್ ಮತ್ತು ಸೂಲಗಿತ್ತಿ ವಿದ್ಯೆ ಎರಡನ್ನೂ ಒಟ್ಟಿಗೆ ಕಲಿಯುತ್ತಾರೆ, ಗಂಡು ಹುಡುಗರೂ ಕಲಿಯುತ್ತಾರೆ. ಆರಡಿ ಎತ್ತರದ ಒಬ್ಬ ಹುಡುಗ ಹೆರುತ್ತಿರುವ ತಾಯಿಯ ಬೆನ್ನು ನೀವುತ್ತ ‘ಪೆಪಾನಿ, ಪೆಪಾನಿ’ ಎಂದು ಸಮಾಧಾನ ಹೇಳುವುದನ್ನು ನೋಡಿ ನಮ್ಮ ಅದೆಷ್ಟೋ ಸಿಸ್ಟರ್‌ಗಳನ್ನು ನೆನೆದೆ. ನಾವು ‘ಮುಕ್ಕಮ್ಮ, ಮುಕ್ಕು’ ಎಂದು ಗದರಿಸುವ ಜಾಗದಲ್ಲಿ ಆತ ‘ಕಂಖಾನಿ’ ಎಂದು ಮೆಲ್ಲಗೆ ಹೇಳುತ್ತಿದ್ದ. ಪಾಠ ಇಂಗ್ಲಿಷಿನಲ್ಲಿ, ಮಂಚದ ಬಳಿಯ ಮಾತು ಅಲ್ಲಿನ ಭಾಷೆಯಾದ ಚಿಚೆವಾದಲ್ಲಿ. ಇಪ್ಪತ್ತು ಪದ ಕಲಿತ ಮೇಲೆಯೇ ನಾನು ಲೇಬರ್ ರೂಮಿಗೆ ಕಾಲಿಟ್ಟದ್ದು.

ಎಚ್.ಐ.ವಿ. ವಿಷಯದಲ್ಲಿ ಅವರ ಮುಂದೆ ನಾನು ವಿದ್ಯಾರ್ಥಿನಿ. ಸೋಂಕಿರುವ ಪ್ರತಿ ಗರ್ಭಿಣಿಗೂ ರೋಗನಿರೋಧಕ ಕಣಗಳ (ಸಿ.ಡಿ.4) ಎಣಿಕೆಗೆ ಕಾಯದೆ ಜೀವನಪೂರ್ತಿ ಔಷಧಿ ಕೊಡುವ ಕ್ರಮವನ್ನು ಜಗತ್ತಿನಲ್ಲಿ ಮೊದಲು ಜಾರಿಗೆ ತಂದ ದೇಶ ಮಲಾವಿ, 2011ರಲ್ಲಿ. ಕೊಡಗಿನಲ್ಲಿ ನಾನು ನಾಲ್ಕು ಪುಟ ಓದಿ ಒಪ್ಪಿಸುವ ಪಾಠವನ್ನು ಅಲ್ಲಿನ ಎರಡನೆಯ ವರ್ಷದ ಹುಡುಗಿ ವಾರ್ಡಿನಲ್ಲಿ ನಿಂತು ಬಾಯಿಪಾಠದಂತೆ ಹೇಳಿದಳು. ಆ ತರಗತಿಯನ್ನು ಅವಳಿಗೇ ಬಿಟ್ಟುಕೊಟ್ಟು ಹಿಂದಿನ ಬೆಂಚಿನಲ್ಲಿ ಕುಳಿತು ಟಿಪ್ಪಣಿ ಬರೆದುಕೊಂಡೆ.

ಹಾಗಾದರೆ ನಾನು ಕಲಿಸಿದ್ದೇನು?

ಮೊದಲ ತಿಂಗಳು ಕಲಿಸಿದ್ದೆಲ್ಲ ಗಾಳಿಗೆ ಹೋಯಿತು. ಹೆರಿಗೆಯ ನಂತರದ ರಕ್ತಸ್ರಾವವನ್ನು ತೂಕ ಮಾಡಿ ಅಳೆಯಬೇಕು, ಒಂದು ಗ್ರಾಂ ಎಂದರೆ ಒಂದು ಮಿಲಿಲೀಟರ್ ಎಂದು ಪಾಠ ಮಾಡಿದೆ. ನನ್ನ ಜೊತೆ ಹಾಕಿದ್ದ ಸ್ಥಳೀಯ ಟ್ಯೂಟರ್ ತರಗತಿ ಮುಗಿಯುವವರೆಗೆ ತಾಳ್ಮೆಯಿಂದಿದ್ದು, ಆಮೇಲೆ ಕೇಳಿದರು: ‘ಮೇಡಂ, ತಕ್ಕಡಿ ಎಲ್ಲಿದೆ?’ ಇರಲಿಲ್ಲ. ಪ್ಯಾಡ್ ಕೂಡ ಇರಲಿಲ್ಲ. ಅಲ್ಲಿ ತಾಯಂದಿರು ಹೆರಿಗೆಗೆ ಬರುವಾಗ ಮನೆಯಿಂದಲೇ ‘ಚಿತೆಂಜೆ’ ಎಂಬ ಬಣ್ಣಬಣ್ಣದ ಬಟ್ಟೆ ತರುತ್ತಾರೆ. ಉಡುವುದೂ ಅದೇ, ಮಗುವನ್ನು ಬೆನ್ನಿಗೆ ಕಟ್ಟುವುದೂ ಅದೇ, ಹೆರಿಗೆಯಲ್ಲಿ ಕೆಳಗೆ ಹಾಸುವುದೂ ಅದೇ.

ಮುಂದಿನ ವಾರ ನಾವಿಬ್ಬರೂ ಸೇರಿ ಸಂತೆಯಲ್ಲಿ ಹಳೆಯ ಚಿತೆಂಜೆಗಳನ್ನು ಕೊಂಡೆವು. ನೀರಿಗೆ ಕೆಂಪು ಬಣ್ಣ, ಮಂದವಾಗಲು ಸ್ವಲ್ಪ ಜೋಳದ ಹಿಟ್ಟು. ಒಂದು ಬಟ್ಟೆಗೆ 200 ಮಿಲಿಲೀಟರ್, ಇನ್ನೊಂದಕ್ಕೆ 500, ನೆಲದ ಮೇಲೆ 300, ಬೇಸಿನ್ನಿನಲ್ಲಿ 800. ಎಷ್ಟು ಎಂದು ಚೀಟಿಯಲ್ಲಿ ಬರೆಯಿರಿ ಎಂದೆವು. 500 ಹೀರಿದ ಕಡು ಬಣ್ಣದ ಬಟ್ಟೆಗೆ ಹೆಚ್ಚಿನವರು 200 ಎಂದು ಬರೆದಿದ್ದರು. ಅಂದರೆ ತಾಯಿ ಅಪಾಯದ ಗೆರೆ ಮುಟ್ಟಿದ್ದಾಳೆ, ನೋಡುವ ಕಣ್ಣಿಗೆ ಮಾಮೂಲು. ಸುಳ್ಳೇಕೆ, ನಾನು ಬರೆದದ್ದು 250. ಬಟ್ಟೆಗಳನ್ನು ಹಿಂಡಿ, ಅಳತೆಯ ಜಾಡಿಗೆ ಸುರಿದು ತೋರಿಸಿದಾಗ ಕೋಣೆಯಲ್ಲಿ ಸದ್ದೇ ಇರಲಿಲ್ಲ. ನಂತರ ಅವರದೇ ಒಂದು ಲೆಕ್ಕ ಮಾಡಿಕೊಂಡರು: ಬಟ್ಟೆ ಪೂರ್ತಿ ನೆನೆದು ಅಂಚಿನಿಂದ ತೊಟ್ಟಿಕ್ಕಿದರೆ ಕೂಗು, ಯೋಚಿಸುತ್ತ ನಿಲ್ಲಬೇಡ.

ಇನ್ನು ಗೆರೆಯ ವಿಷಯ. ಪಾರ್ಟೋಗ್ರಾಫ್ ಎಂದರೆ ಹೆರಿಗೆ ನೋವಿನ ಮುನ್ನಡೆಯನ್ನು ಗುರುತಿಸುವ ಹಾಳೆ. ಅಲ್ಲಿ ಬಳಸುತ್ತಿದ್ದುದು ಹಳೆಯ ನಮೂನೆ: ಗರ್ಭಕಂಠ ನಾಲ್ಕು ಸೆಂಟಿಮೀಟರ್ ತೆರೆದಲ್ಲಿಂದ ಶುರು, ಗಂಟೆಗೊಂದು ಸೆಂಟಿಮೀಟರ್ ಲೆಕ್ಕದ ಎಚ್ಚರಿಕೆಯ ಗೆರೆ ಅಲರ್ಟ್ ಲೈನ್, ಅದರಿಂದ ನಾಲ್ಕು ಗಂಟೆ ಬಲಕ್ಕೆ, ಕ್ರಮ ಕೈಗೊಳ್ಳಲೇಬೇಕಾದ ಗೆರೆ ಆ್ಯಕ್ಷನ್ ಲೈನ್. ಮಗುವಿನ ಎದೆಬಡಿತವನ್ನು ಅರ್ಧ ಗಂಟೆಗೊಮ್ಮೆ ಗುರುತಿಸಬೇಕು. ಒಂದು ಬೆಳಿಗ್ಗೆ ರಾತ್ರಿಯ ಹಾಳೆಗಳನ್ನು ನೋಡುತ್ತಿದ್ದೆ. ಆರಕ್ಕೆ ಆರೂ ಅಲರ್ಟ್ ಲೈನಿನ ಮೇಲೆ ನೂಲು ಹಿಡಿದಂತೆ ನೇರ. ಎದೆಬಡಿತ 140, 140, 142, 140. ಎಲ್ಲ ಒಂದೇ ಪೆನ್ನು, ಒಂದೇ ಒತ್ತು.

ಬರೆದವಳು ಮುಲಾಂಜೆ ಕಡೆಯ ಹುಡುಗಿ. ಯಾವಾಗ ತುಂಬಿದೆ ಎಂದು ಕೇಳಿದೆ. ನೆಲ ನೋಡಿದಳು. ಬೈಯಲು ಬಾಯಿ ತೆರೆದವಳು ಸುಮ್ಮನಾದೆ. ನನ್ನ ಮೊದಲ ಕೆಲಸದ ದಿನಗಳಲ್ಲಿ, ಜಡಿಮಳೆಗೆ ಕರೆಂಟು ಹೋದ ರಾತ್ರಿಗಳಲ್ಲಿ, ಬೆಳಿಗ್ಗೆ ಆರು ಗಂಟೆಗೆ ಪಾಳಿ ಬದಲಾಗುವ ಹ್ಯಾಂಡೋವರ್‌ಗೆ ಮುಂಚೆ ಕುಳಿತು ಇಂಥವೇ ಹಾಳೆಗಳನ್ನು ತುಂಬಿದ ಕೈ ಇದು. ಅದನ್ನೇ ಇಡೀ ತರಗತಿಗೆ ಹೇಳಿದೆ. ಅನುಮಾನ ಬಾರದಿರಲಿ ಎಂದು ಎರಡು ಪೆನ್ನು ಬಳಸುತ್ತಿದ್ದೆ ಎಂಬುದನ್ನೂ ಹೇಳಿದೆ. ಮೊದಲು ಒಬ್ಬಳು ನಕ್ಕಳು, ಆಮೇಲೆ ಎಲ್ಲರೂ. ನಕ್ಕ ಮೇಲೆ ನಿಜ ಹೊರಬಂತು: ರಾತ್ರಿ ಇಡೀ ವಾರ್ಡಿಗೆ ಇಬ್ಬರು ನರ್ಸುಗಳು. ವಿದ್ಯಾರ್ಥಿಗಳು ನೀರು ತರುವುದು, ಔಷಧಿ ತರಲು ಓಡುವುದು, ಮಂಚ ಒರೆಸುವುದು. ಹಾಳೆ ತುಂಬುವುದು ಕೊನೆಯ ಕೆಲಸ.

ಟ್ಯೂಟರ್ ಮತ್ತು ವಾರ್ಡಿನ ಹಿರಿಯ ಸಿಸ್ಟರ್ ಜೊತೆ ಕುಳಿತು ಒಂದು ಒಪ್ಪಂದ ಮಾಡಿಕೊಂಡೆವು. ಎಲ್ಲ ತಾಯಂದಿರಿಗೂ ಹಾಳೆ ತುಂಬುವ ನಾಟಕ ಬೇಡ. ಒಬ್ಬ ವಿದ್ಯಾರ್ಥಿಗೆ ಒಬ್ಬಳೇ ತಾಯಿ, ನೋವು ಬಂದಲ್ಲಿಂದ ಹೆರಿಗೆಯವರೆಗೆ. ಆ ಹೊತ್ತಿನಲ್ಲಿ ಅವರನ್ನು ಯಾರೂ ಬೇರೆ ಕೆಲಸಕ್ಕೆ ಕಳುಹಿಸಬಾರದು. ನೋಡಲಾಗದ ಗಂಟೆಯನ್ನು ಖಾಲಿ ಬಿಡಬೇಕು, ಪಕ್ಕದಲ್ಲಿ ಕಾರಣ ಬರೆಯಬೇಕು. ಖಾಲಿ ಬಿಡುವುದಕ್ಕೆ ಒಪ್ಪಿಸುವುದೇ ಕಷ್ಟವಾಯಿತು. ಖಾಲಿ ಎಂದರೆ ಅಂಕ ಹೋಗುತ್ತದೆ ಎಂಬ ಭಯ ಅಲ್ಲೂ ಇದೆ, ಇಲ್ಲೂ ಇದೆ. ಅಂಕ ಕೊಡುವವಳು ನಾನೇ ಆದ್ದರಿಂದ, ಸುಳ್ಳು ಚುಕ್ಕೆಗೆ ಸೊನ್ನೆ, ನಿಜವಾದ ಖಾಲಿಗೆ ಪೂರ್ತಿ ಅಂಕ ಎಂದು ಬರೆದು ಗೋಡೆಗೆ ಅಂಟಿಸಿದೆ. ದಿನಕ್ಕೆ ಮೂರೋ ನಾಲ್ಕೋ ಹಾಳೆ ಮಾತ್ರ ಬಂದವು. ಅವುಗಳಲ್ಲಿ ಒಂದು ಅಲರ್ಟ್ ಲೈನ್ ದಾಟಿದಾಗ ಅದೇ ಮುಲಾಂಜೆಯ ಹುಡುಗಿ ಹೋಗಿ ವೈದ್ಯರ ಕೆಲಸ ನೋಡುವ ಕ್ಲಿನಿಕಲ್ ಆಫೀಸರನ್ನು ಎಬ್ಬಿಸಿದಳು. ಆಂಬುಲೆನ್ಸ್‌ಗೆ ಡೀಸೆಲ್ ಹೊಂದಿಸಲು ಒಂದು ಗಂಟೆ ಹೋಯಿತು. ಆದರೂ ಆ್ಯಕ್ಷನ್ ಲೈನ್ ಮುಟ್ಟುವ ಮೊದಲೇ ತಾಯಿ ದೊಡ್ಡಾಸ್ಪತ್ರೆ ಸೇರಿದ್ದಳು. ಇಬ್ಬರೂ ಉಳಿದರು ಎಂದು ನಮಗೆ ತಿಳಿದದ್ದು ಮೂರು ದಿನದ ಮೇಲೆ.

ಅಲ್ಲಿನ ಕೆಲವು ಹುಡುಗಿಯರು 2023ರ ಮಾರ್ಚ್‌ನ ಫ್ರೆಡ್ಡಿ ಚಂಡಮಾರುತದಲ್ಲಿ ಮನೆ ಕಳೆದುಕೊಂಡವರು. ಬ್ಲಾಂಟೈರ್ ನಗರದ ಗುಡ್ಡಗಳಿಂದ ಕೆಸರು ಇಳಿದು ಬಂದ ರಾತ್ರಿಯ ಬಗ್ಗೆ ಅವರು ಹೇಳುವಾಗ ನಾನು 2018ರ ಆಗಸ್ಟ್ ತಿಂಗಳ ನಮ್ಮ ಕಡೆಯ ಮಕ್ಕಂದೂರು, ಜೋಡುಪಾಲದ ಭೂಕುಸಿತದ ಬಗ್ಗೆ, ಪರಿಹಾರ ಕೇಂದ್ರದಲ್ಲಿ ನಮ್ಮ ವಿದ್ಯಾರ್ಥಿನಿಯರೊಂದಿಗೆ ಕಳೆದ ದಿನಗಳ ಬಗ್ಗೆ ಹೇಳಿದೆ. ಹೆಚ್ಚು ಮಾತು ಬೇಕಾಗಲಿಲ್ಲ. ಬೆಟ್ಟ ಜಾರುವ ಮುಂಚೆ ಬರುವ ಸದ್ದನ್ನು ವಿವರಿಸಲು ಒಬ್ಬಳು ಕೈಯಾಡಿಸಿದಳು, ನಾನು ತಲೆಯಾಡಿಸಿದೆ.

ಯಾರಾದರೂ ಹೋಗುವುದಿದ್ದರೆ ನನ್ನದೊಂದೇ ಷರತ್ತು. ಸ್ಥಳೀಯ ಟ್ಯೂಟರ್ ಒಬ್ಬರನ್ನು ಜೊತೆಗೆ ಹಾಕದ ಕಡೆ ಹೋಗಬೇಡಿ. ಖಾಲಿ ಹುದ್ದೆ ತುಂಬಲು ನಿಮ್ಮನ್ನು ಕರೆಸಿದ್ದಾರೆ ಎಂದರೆ, ನೀವು ಹೊರಟ ದಿನ ಆ ಹುದ್ದೆ ಮತ್ತೆ ಖಾಲಿ. ಆರು ತಿಂಗಳಿಗಿಂತ ಕಡಿಮೆಯೂ ಬೇಡ. ನನಗೆ ವಾರ್ಡು ಅರ್ಥವಾಗಲಿಕ್ಕೇ ಎರಡು ತಿಂಗಳು ಹಿಡಿಯಿತು.

ನವೆಂಬರ್‌ನಲ್ಲಿ ವಾಪಸಾದೆ. ಈಗ ನಮ್ಮ ತರಗತಿಯಲ್ಲೂ ಕೆಂಪು ನೀರು ಸುರಿಯುತ್ತೇವೆ, ಚಿತೆಂಜೆಯ ಬದಲು ಹಳೆಯ ಸೀರೆ. ಭಾವನ ಮಾತು ಮರೆತಿಲ್ಲ. ತಿಂಗಳಿಗೆರಡು ಸಲ ವಿದ್ಯಾರ್ಥಿನಿಯರನ್ನು ಕರೆದುಕೊಂಡು ಲೈನ್ ಮನೆಗಳಿಗೂ ಹೋಗುತ್ತಿದ್ದೇನೆ. ಜೀಪು ಭಾವನದೇ.

ಹೋದ ವಾರ ಅಲ್ಲಿನ ಟ್ಯೂಟರ್ ವಾಟ್ಸ್ಆ್ಯಪ್‌ನಲ್ಲಿ ಒಂದು ಪಾರ್ಟೋಗ್ರಾಫಿನ ಚಿತ್ರ ಕಳುಹಿಸಿದ್ದರು. ಗೆರೆ ಅಂಕುಡೊಂಕು, ಒಂದು ಕಡೆ ಚಹಾದ ಕಲೆ. ರಾತ್ರಿ ಮೂರು ಗಂಟೆಯ ಚೌಕ ಖಾಲಿ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದರು: ಕರೆಂಟು ಇರಲಿಲ್ಲ, ಟಾರ್ಚ್ ಪಕ್ಕದ ಮಂಚದಲ್ಲಿತ್ತು.