ಕಷ್ಟದ ದಿನಕ್ಕೊಂದು ತ್ರಿಪದಿ: ಕಟ್ಟುವುದು ಹೇಗೆ?

ಬೀಸುಕಲ್ಲಿನ ಮುಂದೆ ಕೂತ ಹೆಂಗಸರು ಅತ್ತೆಮನೆಯ ನೋವನ್ನೂ ತವರಿನ ನೆನಪನ್ನೂ ಹೇಳಿಕೊಂಡದ್ದು ತ್ರಿಪದಿಯಲ್ಲಿ. ಸುಮಾರು ಕ್ರಿ.ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೂ ಇದೇ ಛಂದಸ್ಸಿದೆ. ಅಲ್ಲಿ ಒಬ್ಬ ಮನುಷ್ಯ ಎಂಥವನೆಂದು ಎದೆ ಸೆಟೆಸಿ ಹೇಳಲಾಗಿದೆ. ಅಳುವುದಕ್ಕೂ ತಲೆ ಎತ್ತುವುದಕ್ಕೂ ಒದಗುವ ಮೂರೇ ಸಾಲು.

ಬೇಕಾದದ್ದು ಒಂದು ನೋಟ್‌ಬುಕ್, ಪೆನ್ಸಿಲ್, ಅರ್ಧ ಗಂಟೆ. ಪೆನ್ನಿಗಿಂತ ಪೆನ್ಸಿಲ್ ವಾಸಿ, ಅಳಿಸುವುದೇ ಹೆಚ್ಚು.

ಮೊದಲು ಲೆಕ್ಕ. ಮಾತ್ರೆ ಎಂದರೆ ಅಕ್ಷರ ಉಚ್ಚರಿಸುವ ಹೊತ್ತಿನ ಅಳತೆ: ಹ್ರಸ್ವಕ್ಕೆ 1 ಮಾತ್ರೆ, ದೀರ್ಘಕ್ಕೆ 2. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಸೊನ್ನೆ ಇರುವ ಅಕ್ಷರಕ್ಕೂ 2. ಗಣ ಎಂದರೆ ಅಕ್ಷರಗಳ ಗುಂಪು. ಹಳೆಯ ತ್ರಿಪದಿ ಅಂಶಗಣದ್ದು, ಅಂದರೆ ಮಾತ್ರೆಗಿಂತ ಸಡಿಲವಾಗಿ ಎಣಿಸುವ ಗಣದ್ದು: 11 ಗಣ, 6 ಮತ್ತು 10ನೆಯದು ಚಿಕ್ಕದಾದ ಬ್ರಹ್ಮಗಣ, ಉಳಿದದ್ದೆಲ್ಲ ಅದಕ್ಕಿಂತ ದೊಡ್ಡದಾದ ವಿಷ್ಣುಗಣ. ಕಲಿಯುವವರಿಗೆ ಅದರ ಮಾತ್ರಾ ರೂಪವೇ ಸುಲಭ (ಒಂದೊಂದು ಅಂಕಿ ಒಂದೊಂದು ಗಣದ ಮಾತ್ರೆ):

ಸಾಲು 1: 5 5 5 5
ಸಾಲು 2: 5 3 5 5
ಸಾಲು 3: 5 3 5

ಮೂರೂ ಸಾಲಿನ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕು. ಇದು ಆದಿಪ್ರಾಸ.

ಈಗ ವಸ್ತು. "ಬದುಕೆಲ್ಲ ಕತ್ತಲೆ" ಎಂದು ಶುರುಮಾಡಿದರೆ ಮುಂದೆ ಹೇಳುವುದಕ್ಕೇನೂ ಉಳಿಯುವುದಿಲ್ಲ. ಇವತ್ತು ಕಣ್ಣಿಗೆ ಬಿದ್ದ ಐದು ವಸ್ತು ಬರೆಯಿರಿ: ಬೀಗ, ಖಾಲಿ ಡಬ್ಬಿ, ಆಸ್ಪತ್ರೆಯ ಚೀಟಿ, ಹೀಗೆ. ಅದರಲ್ಲಿ ಒಂದನ್ನು ಆರಿಸಿ, ಅದರ ಎರಡನೆಯ ಅಕ್ಷರವನ್ನೇ ಪ್ರಾಸವಾಗಿ ಹಿಡಿಯಿರಿ. ಬೀಗ ಎಂದರೆ ಗಕಾರ. ಹೋಗಿ, ಬೇಗ, ಸಾಗು, ಕೂಗು ತಾವಾಗಿಯೇ ಬರುತ್ತವೆ. ಕೆಲಸ ಕಳೆದುಕೊಂಡ ದಿನದ ಒಂದು ಮಾದರಿ:

ಬೀಗವನು ಹಾಕಿದರು ಸಾಗೆಂದು ದೂಡಿದರು
ಬೇಗನೆಯೆ ಬಂದೆ ಮನೆಕಡೆಗೆ, ಕೈಬಿಟ್ಟು
ಹೋಗಿಲ್ಲ ಕಲಿತ ಕಸುಬಿನ್ನು

ಎಣಿಸಿ ನೋಡಿ: ಬೀಗವನು 2+1+1+1, ಬಂದೆ 2+1, ಕಸುಬಿನ್ನು 1+1+2+1. ಮೊದಲ ಸಾಲು ಆದದ್ದನ್ನು ಹೇಳುತ್ತದೆ. ಎರಡನೆಯದು ಅದರ ಜೊತೆ ನಡೆದು ಕೊನೆಯಲ್ಲಿ ತಿರುಗುತ್ತದೆ. ಮೂರನೆಯದರಲ್ಲಿ ಇನ್ನೂ ಕೈಯಲ್ಲಿ ಉಳಿದಿರುವುದು ಬರಬೇಕು. ಉಳಿದದ್ದು ಚಿಕ್ಕದಾದರೂ ನಿಜವಾಗಿರಲಿ. "ಗೆಲ್ಲುವೆನು ನಾನು ಲೋಕವನು" ಎಂದು ಬರೆದರೆ ಲೆಕ್ಕ ಸರಿಹೋಗುತ್ತದೆ, ಆದರೆ ಮರುದಿನ ಓದಿದಾಗ ನಿಮಗೇ ನಂಬಿಕೆ ಬರುವುದಿಲ್ಲ.

ಎಡವುವುದು ಹೆಚ್ಚಾಗಿ ಎರಡು ಕಡೆ. ಒಂದು, ಸಾಲು 2 ಮತ್ತು 3ರ ಮೂರು ಮಾತ್ರೆಯ ಗಣದಲ್ಲಿ ನಾಲ್ಕೋ ಐದೋ ತುರುಕುವುದು. ಆಗ ತ್ರಿಪದಿಯ ಕುಲುಕು ಸತ್ತು ವರದಿಯಾಗುತ್ತದೆ. ಇನ್ನೊಂದು, ಮಾತ್ರೆ ತುಂಬಿಸಲು "ಅಯ್ಯೋ", "ತಾನು" ಸೇರಿಸುವುದು. ಅದರ ಬದಲು ವಿಭಕ್ತಿ ಬದಲಿಸಿ: ಬೀಗ 3, ಬೀಗದಲಿ 5. ಗಣ ಪದದ ನಡುವೆ ಮುರಿದರೆ ತಪ್ಪಿಲ್ಲ, ಹಾಡಿದಾಗ ಕೂತರೆ ಸಾಕು.

ಹಾಡಿಯೇ ನೋಡಬೇಕು, ಎರಡನೆಯ ಸಾಲನ್ನು ಎರಡು ಸಲ. ಕಿವಿ ಪಳಗಲು ಹಲಸಂಗಿ ಗೆಳೆಯರು ಸಂಗ್ರಹಿಸಿದ ಜನಪದ ತ್ರಿಪದಿಗಳ ಪುಸ್ತಕ 'ಗರತಿಯ ಹಾಡು' ಓದಿ, ಮನಸ್ಸಿನಲ್ಲಲ್ಲ, ಗಟ್ಟಿಯಾಗಿ.

ಎಣಿಸುವಾಗ ಮನಸ್ಸು ಅದೇ ಚಿಂತೆಯ ಸುತ್ತ ತಿರುಗುವುದು ತುಸು ಹೊತ್ತು ನಿಲ್ಲುತ್ತದೆ, ತ್ರಿಪದಿಯ ಕೆಲಸ ಅಷ್ಟೇ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ ಪೆನ್ಸಿಲ್ ಕೆಳಗಿಟ್ಟು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆಮಾಡಿ; ಕನ್ನಡದಲ್ಲೂ ಮಾತಾಡುತ್ತಾರೆ.

ಕೊನೆಗೆ ಅಂಕಿತದ ಮಾತು, ಅಂದರೆ ಪದ್ಯದೊಳಗೆ ಕಟ್ಟಿದವರು ಇಡುವ ಹೆಸರಿನದು. 'ಸರ್ವಜ್ಞ' ಕೊನೆಯ ಗಣದಲ್ಲಿ ಸರಿಯಾಗಿ 5 ಮಾತ್ರೆಗೆ ಕೂರುತ್ತದೆ. ಬೀಸುವವರ ಹಾಡುಗಳಲ್ಲಿ ಹಾಡಿದವಳ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ನಿಮ್ಮ ಹೆಸರಿನ ಮಾತ್ರೆ ಎಣಿಸಿ. ಮೂರೇ ಬಂದರೆ ಹತ್ತನೆಯ ಗಣದಲ್ಲಿ ಜಾಗ ಇದೆ.