ಪಿಕಳಾರ ಕೂಗಿತು ಅಂತ ದೋಟಿ ಹಿಡಿದು ಓಡಬೇಡಿ

ನಾನು ಲೈನ್‌ಮ್ಯಾನ್ ಆಗಿದ್ದವನು. ಗುಬ್ಬಿ ತಾಲ್ಲೂಕಿನ ಕಂಬ ಹತ್ತಿ ಇಳಿದೇ ಮಂಡಿ ಸವೆಸಿಕೊಂಡಿದ್ದೇನೆ. ಈಗ ನಿವೃತ್ತಿ. ಮನೆ ಹಿಂದೆ ಆರು ತೆಂಗು, ಒಂದು ದಾಳಿಂಬೆ, ಎರಡಾಳೆತ್ತರದ ಕರಿಬೇವು, ಬೇಲಿಗೆ ದಾಸವಾಳ ಇವೆ. ಊರ ಹೆಸರೇನೋ ಗುಬ್ಬಿ, ಆದರೆ ನಮ್ಮ ಹಿತ್ತಲಿಗೆ ಗುಬ್ಬಚ್ಚಿಗಿಂತ ಪಿಕಳಾರ (ಬುಲ್‌ಬುಲ್ ಅಂತಾರಲ್ಲ, ಅದೇ), ಸಿಂಪಿಗ, ಸೂರಕ್ಕಿಗಳೇ ಜಾಸ್ತಿ. ಶಿವರಾತ್ರಿ ಕಳೆದರೆ ಸಾಕು, ಎಲ್ಲಾದರೊಂದು ಕಡೆ ಗೂಡಿನ ಕೆಲಸ ಶುರುವಾಗುತ್ತದೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ನಿವೃತ್ತಿಯಾದ ಮೊದಲ ಬೇಸಿಗೆಯಲ್ಲಿ ಪಿಕಳಾರ ಕರಿಬೇವಿನಲ್ಲಿ ಮೂರು ಮೊಟ್ಟೆ ಇಟ್ಟಿತು. ತೆಳು ಗುಲಾಬಿ ಮೊಟ್ಟೆ, ಮೈತುಂಬಾ ಕೆಂಪು ಚುಕ್ಕೆ. ರಜೆಗೆ ಬಂದ ಮೊಮ್ಮಗನಿಗೆ ದಿನಕ್ಕೆ ನಾಲ್ಕು ಸಲ ಕೊಂಬೆ ಸರಿಸಿ ತೋರಿಸಿದೆ. ಪಿಕಳಾರ ಕೂಗಿದಾಗೆಲ್ಲ ತೆಂಗಿನ ದೋಟಿ ಹಿಡಿದು ಓಡಿ ಕಾಗೆ ಓಡಿಸಿದೆ. ಎಂಟನೇ ದಿನ ನೋಡಿದರೆ ಗೂಡು ಖಾಲಿ. ಕಾಗೆ ಗೋಡೆಯಾಚೆಯ ಕಂಬದ ಕ್ರಾಸ್ ಆರ್ಮ್ ಮೇಲೆ ಕೂತು ಕೊಕ್ಕು ಒರೆಸಿಕೊಳ್ಳುತ್ತಿತ್ತು. ಆ ಕಂಬವನ್ನು ಮುಂದೆ ನಿಂತು ನೆಡಿಸಿದವನೂ ನಾನೇ. ನಾನು ಹೋದಾಗೆಲ್ಲ ತಾಯಿ ಗೂಡು ಬಿಟ್ಟು ಹಾರುತ್ತಿತ್ತು, ಕೂಗಾಡುತ್ತಿತ್ತು. ಮೇಲೆ ಕೂತವನಿಗೆ ಜಾಗ ತೋರಿಸಲು ಇನ್ನೇನು ಬೇಕು?

ಆಮೇಲೆ ಹಿತ್ತಲಲ್ಲಿ ಬೇರೆ ಥರ ನಡೆದುಕೊಳ್ಳಲು ಕಲಿತೆ. ನಿಮ್ಮ ಮನೆಯಲ್ಲೂ ಗೂಡಿದ್ದರೆ ಇದು ಉಪಯೋಗಕ್ಕೆ ಬಂದೀತು.

ಹತ್ತಿರ ಹೋಗದೆ ನೋಡುವುದು

ಸಣ್ಣ ಹಕ್ಕಿಯ ಮೊದಲ ಕಾವಲು ಜಗಳ ಅಲ್ಲ, ಗುಟ್ಟು. ಸಿಂಪಿಗ ಹತ್ತು ಗ್ರಾಂ ಮೀರದ ಹಕ್ಕಿ. ಕಾಗೆ ಮುನ್ನೂರು ಗ್ರಾಂ ಹತ್ತಿರ ತೂಗುತ್ತದೆ. ಮುಖಾಮುಖಿ ನಿಂತರೆ ಕಥೆ ಮುಗಿಯಿತು. ಅದಕ್ಕೇ ಸಿಂಪಿಗ ಬದನೆಯಂಥ ಅಗಲ ಎಲೆಯ ಅಂಚಿಗೆ ತೂತು ಮಾಡಿ, ನಾರು, ಜೇಡರ ಬಲೆ ಹಾಕಿ ಹೊಲಿದು ಒಳಗೆ ಗೂಡಿಡುತ್ತದೆ. ಹೊರಗಿನಿಂದ ನೋಡಿದವರಿಗೆ ಬರೀ ಎಲೆ. ಸೂರಕ್ಕಿಯದು ಇನ್ನೊಂದು ಉಪಾಯ. ಜೇಡರ ಬಲೆ, ಒಣಗಿದ ಎಲೆ, ತೊಗಟೆ ಚೂರು ಅಂಟಿಸಿದ ಚೀಲ ತೂಗಿಬಿಡುತ್ತದೆ. ನೋಡಿದರೆ ಕಸ ನೇತಾಡಿದ ಹಾಗೆ. ನಮ್ಮನೆಯವರು ಹಬ್ಬದ ಧೂಳು ಹೊಡೆಯುವಾಗ ಒಂದನ್ನು ಪೊರಕೆಯಿಂದ ಎಳೆಯಲು ಹೋಗಿದ್ದರು. ಒಳಗಿನಿಂದ ಕೊಕ್ಕೊಂದು ಹೊರಗೆ ಬಂದಾಗ ಪೊರಕೆ ಬಿಟ್ಟು ಹಿಂದಕ್ಕೆ ಹಾರಿದರು.

ಗೂಡು ಹುಡುಕಲು ಗಿಡ ಕೆದಕಬೇಡಿ. ಇಪ್ಪತ್ತು ಅಡಿ ದೂರ ಕುರ್ಚಿ ಹಾಕಿಕೊಂಡು ಕೂರಿ. ನಾರು ಕಚ್ಚಿಕೊಂಡ ಹಕ್ಕಿ ಒಂದೇ ಕಡೆ ಮತ್ತೆ ಮತ್ತೆ ಇಳಿದರೆ ಗೂಡು ಕಟ್ಟುತ್ತಿದೆ ಅಂತ. ಹುಳ ಕಚ್ಚಿಕೊಂಡು ಇಳಿದರೆ ಮರಿ ಇದೆ ಅಂತ. ಕೊಕ್ಕಿನಲ್ಲಿ ಹುಳ ಇಟ್ಟುಕೊಂಡು ಗೂಡಿಗೆ ಹೋಗದೆ ಪಕ್ಕದ ಕೊಂಬೆಯಲ್ಲಿ ತಡಮಾಡುತ್ತಿದ್ದರೆ ಅದು ನಿಮ್ಮನ್ನೇ ನೋಡುತ್ತಿದೆ. ಕುರ್ಚಿ ಎತ್ತಿ ಇನ್ನೂ ಹಿಂದೆ ಹಾಕಿ. ನಾನೀಗ ಅಡುಗೆಮನೆ ಕಿಟಕಿಯಿಂದಲೇ ನೋಡುತ್ತೇನೆ. ಕಾಫಿಯೂ ಕೈಗೆ ಸಿಗುತ್ತದೆ.

ಆ ದಾರಿಯಲ್ಲಿ ಹೋಗಲೇಬೇಕಾದರೆ ನಿಲ್ಲದೆ, ತಲೆ ಎತ್ತದೆ ನಡೆದುಹೋಗಿ. ಪಿಕಳಾರದ ಮೊಟ್ಟೆಗೆ ಹೆಚ್ಚುಕಡಿಮೆ ಎರಡು ವಾರದ ಕಾವು. ಮರಿ ಹಾರಲು ಇನ್ನು ಹನ್ನೆರಡು ಹದಿಮೂರು ದಿನ. ಮರಿ ಹುಟ್ಟಿ ಎಂಟೊಂಬತ್ತು ದಿನವಾದ ಮೇಲಂತೂ ಹತ್ತಿರ ಸುಳಿಯಲೇಬೇಡಿ. ಆಗ ಬೆದರಿದರೆ ಮರಿಗಳು ರೆಕ್ಕೆ ಬಲಿಯುವ ಮೊದಲೇ ಗೂಡಿನಿಂದ ಧುಮುಕುತ್ತವೆ.

ಕೂಗು ಕೇಳಿ ಕಳ್ಳ ಯಾರು ಅಂತ ತಿಳಿಯುವುದು

ಇದರಲ್ಲಿ ನನಗೆ ಖುಷಿ ಜಾಸ್ತಿ, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಗುಟ್ಟು ರಟ್ಟಾದ ಮೇಲೆ ಹಕ್ಕಿ ಗಲಾಟೆಗೆ ಇಳಿಯುತ್ತದೆ. ಸುಮ್ನೆ ಅರಚಾಟ ಅಂದುಕೊಳ್ಳಬೇಡಿ, ಯಾರು ಬಂದರೋ ಅದರ ಮೇಲೆ ಕೂಗು ಬದಲಾಗುತ್ತದೆ.

ಬೆಕ್ಕು ಬಂದರೆ ಪಿಕಳಾರ ಒರಟಾಗಿ, ಬಿಡದೆ ಕೂಗುತ್ತದೆ. ಮಡಿವಾಳ ಹಕ್ಕಿ ಬಾಲ ಎತ್ತಿ ಚರ್ರ್ ಅನ್ನುತ್ತದೆ. ಸಿಂಪಿಗ ಅಷ್ಟು ಸಣ್ಣ ಗಂಟಲಲ್ಲಿ ಬೀದಿಗೇ ಕೇಳುವಂತೆ ಟುವಿ ಟುವಿ ಅಂತ ಶುರುಮಾಡುತ್ತದೆ. ಅಳಿಲೂ ಸೇರಿಕೊಳ್ಳುತ್ತದೆ. ನಾಳೆ ಅದೇ ಮೊಟ್ಟೆ ಕದಿಯಬಹುದು, ಇವತ್ತು ಮಾತ್ರ ಒಂದೇ ಪಕ್ಷ. ಬೆಕ್ಕು ಬೇಲಿಯುದ್ದಕ್ಕೂ ನಡೆದರೆ ಗಲಾಟೆಯೂ ಅದರ ತಲೆ ಮೇಲೆ ನಡೆಯುತ್ತದೆ. ಹಕ್ಕಿಗಳ ಕೊಕ್ಕು ಯಾವ ಕಡೆ ತಿರುಗಿದೆ ನೋಡಿ, ಕಳ್ಳ ಅಲ್ಲಿರುತ್ತಾನೆ. ಕದ್ದು ಬಂದು ಹಿಡಿಯುವ ಪ್ರಾಣಿಗೆ ಇಷ್ಟು ಜನ ನೋಡಿದರೆ ಬೇಟೆ ಕೆಟ್ಟ ಹಾಗೆ. ಹೆಚ್ಚಿನ ಸಲ ಅದೇ ಹೊರಟುಹೋಗುತ್ತದೆ.

ಹಾವಾದರೆ ಗಲಾಟೆ ಒಂದೇ ಜಾಗದಲ್ಲಿ ತುಂಬಾ ಹೊತ್ತು ಇರುತ್ತದೆ. ಹಕ್ಕಿಗಳು ಹತ್ತಿರ ಹೋಗುತ್ತವೆ, ರೆಕ್ಕೆ ಬಿಚ್ಚಿ ಹಿಂದಕ್ಕೆ ನೆಗೆಯುತ್ತವೆ, ಮತ್ತೆ ಹೋಗುತ್ತವೆ.

ಗಿಡುಗಕ್ಕೆ ಬೇರೆ ಲೆಕ್ಕ. ನಮ್ಮ ಕಡೆ ತೋಟದಲ್ಲಿ ಪಾರಿವಾಳದಷ್ಟು ಗಾತ್ರದ ಶಿಕ್ರ ಓಡಾಡುತ್ತದೆ. ಅದು ಹಾರುತ್ತಾ ಬಂದರೆ ಯಾರೋ ಒಬ್ಬರು ಸಣ್ಣಗೆ ಸೀ ಅಂತ ಎಳೆಯುತ್ತಾರೆ. ಎಲ್ಲಿಂದ ಬಂತು ಅಂತ ಕಿವಿಗೆ ಸಿಗದ ದನಿ. ಮರುಕ್ಷಣ ಹಿತ್ತಲು ಪೂರ್ತಿ ಮೌನ. ಮಾತಾಡಿದವನು ಊಟವಾಗುತ್ತಾನೆ ಅಂತ ಎಲ್ಲರಿಗೂ ಗೊತ್ತು. ಅದೇ ಶಿಕ್ರ ಕೊಂಬೆ ಮೇಲೆ ಸುಮ್ನೆ ಕೂತಿದ್ದರೆ ಭಯ ಬಿಟ್ಟು ಸುತ್ತ ಸೇರಿ ಬೈಯುತ್ತವೆ. ಹಗಲು ಹೊತ್ತು ಕಣ್ಣಿಗೆ ಬಿದ್ದ ಹಾಲಕ್ಕಿ ಅನ್ನುವ ಸಣ್ಣ ಗೂಬೆಗೂ ಇದೇ ಮರ್ಯಾದೆ.

ಕೆಂಬೂತವನ್ನು ಮರೆಯಬೇಡಿ. ರತ್ನಪಕ್ಷಿ ಅಂತ ಕೈ ಮುಗಿಯುವವರಿದ್ದಾರೆ, ಮುಗಿಯಲಿ. ಆದರೆ ಬೇಲಿಯೊಳಗೆ ಕೊಂಬೆಯಿಂದ ಕೊಂಬೆಗೆ ಸದ್ದಿಲ್ಲದೆ ತೂರಿ ಗೂಡು ಜಾಲಾಡುವುದರಲ್ಲಿ ಅದು ಕಾಗೆಗಿಂತ ಗಟ್ಟಿಗ.

ಕೂಗು ಕೇಳಿದಾಗ ಏನು ಮಾಡಬೇಕು? ಬೆಕ್ಕಾದರೆ ಚಪ್ಪಾಳೆ ಹೊಡೆಯಿರಿ, ಪೈಪಿನಿಂದ ನೀರು ಚಿಮ್ಮಿಸಿ. ಕಾಗೆ, ಕೆಂಬೂತಕ್ಕೆ ದೂರದಿಂದಲೇ ಒಂದು ಚಪ್ಪಾಳೆ ಸಾಕು, ಆಮೇಲೆ ಒಳಗೆ ಬನ್ನಿ. ಗೂಡಿನ ಹತ್ತಿರ ನಿಂತು ಕಾವಲು ಕಾದರೆ ತಾಯಿಯೂ ಹತ್ತಿರ ಬರುವುದಿಲ್ಲ. ಶಿಕ್ರಕ್ಕೆ ಏನೂ ಮಾಡಬೇಡಿ. ಕೇರೆ ಹಾವಿಗೂ ಏನೂ ಮಾಡಬೇಡಿ, ಹೊಡೆಯುವುದಂತೂ ಕೂಡದು. ನಮ್ಮ ತೆಂಗಿನಕಾಯಿ ಕೊರೆಯುವ ಇಲಿಗಳನ್ನು ತಿನ್ನುವುದು ಅದೇ. ಅದಕ್ಕೂ ಹೊಟ್ಟೆ ಇದೆ ಅಲ್ವಾ?

ಗೂಡು ಕಟ್ಟುವ ಮೊದಲೇ ಮಾಡುವ ಕೆಲಸ

ತೆಂಗಿಗೆ ಇಲಿ ಹತ್ತದ ಹಾಗೆ ತಗಡು ಸುತ್ತುವುದು ನಮ್ಮ ಕಡೆಯವರಿಗೆ ಹೊಸದಲ್ಲ. ಅದೇ ಕೆಲಸವನ್ನು ಗೂಡಿರುವ ಮರಕ್ಕೂ ಮಾಡಬಹುದು. ಒಂದೂವರೆ ಅಡಿ ಅಗಲದ ನುಣುಪಾದ ಜಿ.ಐ. ತಗಡನ್ನು ನೆಲದಿಂದ ಆರಡಿ ಎತ್ತರದಲ್ಲಿ ಕಾಂಡಕ್ಕೆ ಸುತ್ತಿ ಬೈಂಡಿಂಗ್ ವೈರಿನಿಂದ ಕಟ್ಟಿ. ಮೊಳೆ ಬೇಡ. ಕಾಂಡ ದಪ್ಪವಾಗಲು ಎರಡು ಬೆರಳು ಸಡಿಲ ಬಿಡಿ, ವರ್ಷಕ್ಕೊಮ್ಮೆ ಬಿಚ್ಚಿ ಕಟ್ಟಿ. ತಗಡಿನ ತುದಿ ಒಳಕ್ಕೆ ಮಡಚದಿದ್ದರೆ ನಿಮ್ಮ ಕೈಯೇ ಕುಯ್ಯುತ್ತದೆ. ಬೆಕ್ಕಿನ ಉಗುರಿಗೆ, ಅಳಿಲಿಗೆ ಅಲ್ಲಿ ಹಿಡಿತ ಸಿಗುವುದಿಲ್ಲ. ಗ್ರೀಸ್ ಬಳಿಯುವ ಬುದ್ಧಿವಂತಿಕೆ ಬೇಡ, ಹಕ್ಕಿಯ ಪುಕ್ಕಕ್ಕೇ ಮೆತ್ತಿಕೊಳ್ಳುತ್ತದೆ.

ತಗಡು ಸುತ್ತಿಯೂ ಅಳಿಲು ಮೇಲೆ ಕಂಡರೆ ತಗಡನ್ನು ಬೈಯಬೇಡಿ, ಸುತ್ತ ನೋಡಿ. ಬಟ್ಟೆ ಒಣಹಾಕುವ ತಂತಿ, ಕೇಬಲ್ ವೈರು, ಪಕ್ಕದ ಮರದ ಕೊಂಬೆ, ಕಾಂಪೌಂಡ್ ಗೋಡೆ, ಹೀಗೆ ಒಂದು ಸೇತುವೆ ಇದ್ದೇ ಇರುತ್ತದೆ. ನಮ್ಮ ದಾಳಿಂಬೆಗೆ ತಗಡು ಕಟ್ಟಿ ಬೀಗಿದ್ದೆ. ಅಳಿಲು ಗೋಡೆಯಿಂದ ನೇರ ನೆಗೆದು ಗಿಡದ ಮೇಲೆ ಕೂತಿತು. ದಾಸವಾಳದಂಥ ಪೊದೆಗೆ ತಗಡು ಕೆಲಸಕ್ಕೆ ಬರುವುದಿಲ್ಲ. ಬುಡದ ಸುತ್ತ ಎಲಚಿ ಮುಳ್ಳೋ ಜಾಲಿ ಮುಳ್ಳೋ ಹರಡಿ. ನಿಮ್ಮದೇ ಬೆಕ್ಕಾಗಿದ್ದರೆ ಬೆಳಗ್ಗೆ, ಸಂಜೆ ಹೊಟ್ಟೆ ತುಂಬಿಸಿ ಒಳಗಿರಿಸಿ. ಕೋತಿಗೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ. ದೇವರಾಯನದುರ್ಗದ ಕಡೆ ಮನೆ ಇರುವವರು ನನ್ನನ್ನು ಕೇಳಬೇಡಿ.

ಇನ್ನು ಕಾಗೆ. ನಮ್ಮನೆಯವರು ದಿನಾ ಊಟಕ್ಕೆ ಮುಂಚೆ ಒಂದು ಹಿಡಿ ಅನ್ನ ಹಿತ್ತಲ ಕಟ್ಟೆಯ ಮೇಲೆ ಇಡುತ್ತಿದ್ದರು. ಹಿರಿಯರ ಹೆಸರಿನಲ್ಲಿ ಇಡುವುದು, ಬೇಡ ಅನ್ನಲು ಆಗುತ್ತಾ? ಆದರೆ ಅನ್ನಕ್ಕೆ ಬಂದ ಕಾಗೆ ತಿಂದು ಸುಮ್ಮನೆ ಹೋಗುವುದಿಲ್ಲ, ಸುತ್ತ ಕಣ್ಣಾಡಿಸುತ್ತದೆ.

"ರೀ, ಕಾಗೆಗೆ ಅನ್ನ ಇಟ್ಟರೂ ನಿಮ್ಮದೊಂದು ತಕರಾರು" ಅಂದರು.

"ಇಡು ಮಾರಾಯ್ತಿ, ಮುಂದಿನ ಗೇಟಿನ ಹತ್ತಿರ ಇಡು" ಅಂದೆ.

ಎರಡು ದಿನ ಮುಖ ಊದಿಸಿಕೊಂಡಿದ್ದು ಆಮೇಲೆ ಒಪ್ಪಿದರು. ಈಗ ಕಾಗೆಗಳು ಮುಂದೆ, ಪಿಕಳಾರ ಹಿಂದೆ. ಕಸದ ಬುಟ್ಟಿಗೂ ಮುಚ್ಚಳ ಹಾಕಿದ್ದೇವೆ.

ಕತ್ತರಿ ವಿಷಯದಲ್ಲಿ ನಾನು ಬುದ್ಧಿ ಹೇಳುವುದು ಸ್ವಲ್ಪ ನಾಚಿಕೆಯ ಕೆಲಸ. ಮಳೆಗಾಲಕ್ಕೆ ಮುಂಚೆ ಲೈನಿಗೆ ತಾಗುವ ಕೊಂಬೆ ಕಡಿಯುವುದೇ ನನ್ನ ಕೆಲಸವಾಗಿತ್ತು. ಏಪ್ರಿಲ್, ಮೇ ತಿಂಗಳು, ಗೂಡುಗಳು ತುಂಬಿರುವ ಕಾಲ. ಬಿದ್ದ ಕೊಂಬೆಯಲ್ಲಿ ಎಷ್ಟು ಗೂಡು ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಮನೆಯ ಗಿಡಕ್ಕೆ ಆ ತುರ್ತು ಇಲ್ಲ. ಜನವರಿಯೊಳಗೆ ಸವರಿ ಮುಗಿಸಿ. ಆಮೇಲೆ ಒಂದು ಕೊಂಬೆ ತೆಗೆದರೂ ಗೂಡಿಗೆ ಮೇಲಿನಿಂದ ಕಿಂಡಿ ತೆರೆದ ಹಾಗೆ, ಬಿಸಿಲೂ ಬೀಳುತ್ತದೆ, ಕಾಗೆಯ ಕಣ್ಣೂ ಬೀಳುತ್ತದೆ. ಮೊಟ್ಟೆ, ಮರಿ ಇರುವ ಗೂಡು ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ಒಂದು ಒಣ ಕೊಂಬೆಯನ್ನು ಮಾತ್ರ ಬೇಕಂತಲೇ ಉಳಿಸಿ. ಕಾಜಾಣಕ್ಕೆ ಕೂರಲು ಅಂಥ ಬಯಲು ಜಾಗ ಬೇಕು. ಕವಲು ಬಾಲದ ಆ ಕರಿ ಹಕ್ಕಿ ನೆಲೆಸಿತೆಂದರೆ ನಿಮಗೆ ಅರ್ಧ ಕೆಲಸ ಕಮ್ಮಿ. ಕಾಗೆ, ಹದ್ದು, ಯಾರೇ ಬರಲಿ, ಮೇಲಿನಿಂದ ಬೆನ್ನಿಗೆ ಎರಗುತ್ತದೆ. ದೊಡ್ಡ ಹಕ್ಕಿಗೆ ಗಾಳಿಯಲ್ಲಿ ಅಷ್ಟು ಬೇಗ ತಿರುಗಲು ಆಗುವುದಿಲ್ಲ, ಓಡುವುದೊಂದೇ ದಾರಿ. ಪಿಕಳಾರಗಳು ಕಾಜಾಣದ ಮರದಲ್ಲೇ ಗೂಡು ಮಾಡುವುದನ್ನು ನಾನು ಕಂಬದ ಮೇಲಿಂದ ಎಷ್ಟೋ ಸಲ ನೋಡಿದ್ದೇನೆ. ಒಮ್ಮೆ ಒಂದು ಕಾಜಾಣ ನನ್ನ ಹೆಲ್ಮೆಟ್ಟಿಗೇ ಕುಕ್ಕಿತ್ತು. ಫ್ಯೂಸ್ ಹಾಕುವ ತನಕ ಬಿಡಲಿಲ್ಲ.

ಗೂಡು ಖಾಲಿಯಾದರೆ, ಮರಿ ಬಿದ್ದರೆ

ಇಷ್ಟೆಲ್ಲ ಮಾಡಿಯೂ ಗೂಡು ಖಾಲಿಯಾಗಬಹುದು. ಗೂಡು ಕದಲದೆ ಮರಿ ಮಾತ್ರ ಮಾಯವಾಗಿದ್ದರೆ ಹಾವಿನ ಮೇಲೆ ಅನುಮಾನ. ಗೂಡು ಕಿತ್ತು ವಾಲಿದ್ದರೆ ಬೆಕ್ಕು ಅಥವಾ ಕೋತಿ. ಇದು ನೂರಕ್ಕೆ ನೂರು ನಿಜ ಅಂತಲ್ಲ, ಮುಂದಿನ ಸಲ ತಗಡೋ ಮುಳ್ಳೋ ಅಂತ ಯೋಚಿಸಲು ಸಾಕು. ಪಿಕಳಾರ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಬೇರೆ ಕಡೆ ಮತ್ತೆ ಕಟ್ಟಲು ಶುರುಮಾಡುತ್ತದೆ.

ನೆಲದಲ್ಲಿ ಮರಿ ಸಿಕ್ಕರೆ ಮೈ ನೋಡಿ. ಪುಕ್ಕ ಬಂದು, ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿದೆ. ಬೆಕ್ಕಿಗೆ ಸಿಗದ ಹಾಗೆ ಹತ್ತಿರದ ಪೊದೆಯ ಮೇಲಿಟ್ಟು ಒಳಗೆ ಬನ್ನಿ, ತಾಯಿ ಅಲ್ಲೇ ತುತ್ತು ಕೊಡುತ್ತದೆ. ಮೈ ಬರಿದಾಗಿದ್ದರೆ ಎತ್ತಿ ಗೂಡಿಗೇ ಇಡಿ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಅನ್ನುವುದು ಸುಳ್ಳು. ಗೂಡೇ ಬಿದ್ದಿದ್ದರೆ ತೆಂಗಿನ ಕರಟಕ್ಕೆ ತಳದಲ್ಲಿ ಎರಡು ತೂತು ಮಾಡಿ, ಗೂಡನ್ನು ಅದರಲ್ಲಿ ಕೂರಿಸಿ ಅದೇ ಕೊಂಬೆಗೆ ಕಟ್ಟಿ. ತೂತು ಮರೆತರೆ ಮೊದಲ ಮಳೆಗೇ ನೀರು ನಿಲ್ಲುತ್ತದೆ. ಅನ್ನ, ಹಾಲು ಹಾಕಲು ಹೋಗಬೇಡಿ. ಕಿಟಕಿ ಹತ್ತಿರ ಒಂದು ಗಂಟೆ ಕಾಯಿರಿ, ತಾಯಿ ಹುಳ ತಂದರೆ ನಿಮ್ಮ ಕೆಲಸ ಮುಗಿಯಿತು.