ಆಕ್ಸಿಡೆಂಟ್ ಕೇಸಲ್ಲಿ ರಾಜಿಗೆ ಸೈನ್ ಹಾಕೋ ಮುಂಚೆ

ದಾವಣಗೆರೆ ಕೋರ್ಟಿನಲ್ಲಿ ವಕೀಲರೊಬ್ಬರ ಹತ್ತಿರ ನಾನು ಗುಮಾಸ್ತ. ನಮ್ಮ ಆಫೀಸಿನ ಬೀರುವಿನಲ್ಲಿ ಜಾಸ್ತಿ ಇರೋದು ಎಂ.ವಿ.ಸಿ. ಫೈಲುಗಳೇ, ಅಂದರೆ ವಾಹನ ಅಪಘಾತದ ಪರಿಹಾರದ ಕೇಸುಗಳು. 48ನೇ ಹೈವೇ ಪಕ್ಕದ ಊರು, ಇನ್ನೇನಾಗುತ್ತೆ ಹೇಳಿ. ಲೋಕ್ ಅದಾಲತ್, ಅಂದರೆ ಎರಡೂ ಕಡೆಯವರನ್ನ ಕೂರಿಸಿ ಕೇಸು ರಾಜಿ ಮಾಡಿಸೋ ದಿನ, ಹತ್ತಿರ ಬಂತು ಅಂದರೆ ಎಲ್ಲರದ್ದೂ ಒಂದೇ ಪ್ರಶ್ನೆ: "ಅಣ್ಣಾ, ಇನ್ಶೂರೆನ್ಸ್ ಕಂಪನಿಯವರು ಇಷ್ಟು ಕೊಡ್ತೀವಿ ಅಂತಿದಾರೆ, ಒಪ್ಕೊಳ್ಳಲಾ?" ಬರೀ ಮೊತ್ತ ಕೇಳಿ ಇದಕ್ಕೆ ಉತ್ತರ ಹೇಳೋಕಾಗಲ್ಲ. ಫೈಲ್ ಬಿಚ್ಚಿ ನೋಡಬೇಕು. ನೋವಿಗೆ ಸಾಕ್ಷಿ ಕಾಗದವೇ.

ಮೊದಲ ಕಾಗದ ಹುಟ್ಟೋದು ಆಸ್ಪತ್ರೆಯಲ್ಲಿ. ಡ್ಯೂಟಿ ಡಾಕ್ಟರು "ಹೇಗಾಯ್ತು?" ಅಂತ ಕೇಳುತ್ತಾರೆ. ಜೊತೆಗೆ ಬಂದವರು ಗಾಬರಿಯಲ್ಲಿ "ಬೈಕಿಂದ ಬಿದ್ದ ಸಾರ್" ಅಂದುಬಿಡುತ್ತಾರೆ. ಕೇಸ್ ಶೀಟಿನಲ್ಲಿ ಅದೇ ಕೂರುತ್ತದೆ. ಮುಂದೆ ಕೋರ್ಟಿನಲ್ಲಿ ಕಂಪನಿ ವಕೀಲರು ಆ ಸಾಲಿನ ಮೇಲೆ ಬೆರಳಿಟ್ಟು, "ತಾನೇ ಬಿದ್ದಿದಾನೆ, ನಮ್ಮ ಗಾಡಿ ಗುದ್ದೇ ಇಲ್ಲ" ಅನ್ನುತ್ತಾರೆ. ಹಾಗಾಗಿ ಯಾವ ಗಾಡಿ, ಯಾವ ಕಡೆಯಿಂದ ಬಂದು ಗುದ್ದಿತು, ನಂಬರ್ ಗೊತ್ತಿದ್ದರೆ ನಂಬರ್, ಎಲ್ಲ ಅಲ್ಲೇ ಹೇಳಿ. ಎಂ.ಎಲ್.ಸಿ., ಅಂದರೆ ಪೊಲೀಸರಿಗೆ ತಿಳಿಸೋ ಕೇಸು ಅಂತ ಆಸ್ಪತ್ರೆಯವರು ಮಾಡೋ ದಾಖಲೆ, ಆಗಿದೆಯಾ ಅಂತ ಕೇಳಿ. ಪೊಲೀಸ್ ಕಂಪ್ಲೇಂಟ್ ತಡವಾದರೆ ಯಾಕೆ ತಡವಾಯ್ತು ಅಂತ ಕಂಪ್ಲೇಂಟಿನಲ್ಲೇ ಬರೆಸಿ. ಆಪರೇಷನ್ ಓಡಾಟದಲ್ಲಿದ್ವಿ ಅನ್ನೋದು ಒಪ್ಪೋ ಕಾರಣವೇ.

ಆಮೇಲೆ ಎಫ್.ಐ.ಆರ್., ಸ್ಥಳ ಮಹಜರು, ಸ್ಕೆಚ್, ಗಾಡಿ ಪರೀಕ್ಷೆ ಮಾಡಿ ಬ್ರೇಕ್ ಇನ್‌ಸ್ಪೆಕ್ಟರ್ ಕೊಡುವ ಐ.ಎಂ.ವಿ. ರಿಪೋರ್ಟ್, ಗಾಯದ ಸರ್ಟಿಫಿಕೇಟ್, ಕೊನೆಗೆ ಚಾರ್ಜ್‌ಶೀಟ್. ಎಲ್ಲದರ ನಕಲು ಬೇಕು. ಇದರಲ್ಲಿ ಸ್ಕೆಚ್ಚನ್ನ ನೀವೇ ಒಂದ್ಸಲ ನೋಡಿ. ಡಿಕ್ಕಿಯಾದ ಜಾಗಕ್ಕೆ ಗುರುತು ಹಾಕಿರುತ್ತಾರೆ. ಅದು ರಸ್ತೆಯ ನಿಮ್ಮ ಮಗ್ಗುಲಲ್ಲಿದ್ದರೆ ಸರಿ. ನಡುರಸ್ತೆಯಲ್ಲಿದ್ದರೆ "ಇವರದ್ದೂ ತಪ್ಪಿದೆ" ಅಂತ ಕಂಪನಿ ಪಾಲು ಕತ್ತರಿಸೋಕೆ ಬರುತ್ತದೆ. ಗುದ್ದಿದ ಗಾಡಿಗೆ ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯಾ ಅನ್ನೋದು ಎಂಪರಿವಾಹನ್ ಆ್ಯಪಿನಲ್ಲಿ ಸಿಗುತ್ತದೆ.

ಪರಿಹಾರದ ಅರ್ಜಿಗೆ ಗಡುವು ಆಕ್ಸಿಡೆಂಟ್ ಆದ ದಿನದಿಂದ ಆರು ತಿಂಗಳು. 2022ರ ಏಪ್ರಿಲ್ 1ರಿಂದ ಬಂದ ನಿಯಮ ಇದು. ಅದಕ್ಕೂ ಮುಂಚೆ ಗಡುವು ಇರಲಿಲ್ಲ, ಆ ನೆನಪಿನಲ್ಲೇ ಹಳಬರು "ನಿಧಾನಕ್ಕೆ ಹಾಕಿದ್ರಾಯ್ತು" ಅಂತಾರೆ. ಕಿವಿಗೆ ಹಾಕ್ಕೋಬೇಡಿ. ಹಿರಿಯೂರಿನ ಹತ್ತಿರ ಆಕ್ಸಿಡೆಂಟ್ ಆಗಿದ್ದರೂ ನೀವು ದಾವಣಗೆರೆಯವರಾದರೆ ಇಲ್ಲೇ ಕೇಸ್ ಹಾಕಬಹುದು. ವಕೀಲರಿಗೆ ಕೊಡೋಕೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ. ಬಂದ ಹಣದಲ್ಲಿ ಇಷ್ಟು ಪರ್ಸೆಂಟ್ ನನಗೆ ಅಂತ ವಕೀಲರು ಮಾತಾಡಿಕೊಳ್ಳೋ ಹಾಗಿಲ್ಲ, ಬಾರ್ ಕೌನ್ಸಿಲ್ ನಿಯಮವೇ ಇದೆ. ನಮ್ಮ ಕಸುಬಿನವರು ಇದನ್ನ ಯಾಕೆ ಜೋರಾಗಿ ಹೇಳಲ್ಲ ಅಂತ ನಾನು ಬಿಡಿಸಿ ಹೇಳಬೇಕಾ?

ಈಗ ದುಡ್ಡಿನ ಲೆಕ್ಕ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯೋ ಒಬ್ಬರು ನಮ್ಮಲ್ಲಿಗೆ ಬಂದಿದ್ದರು. ವಯಸ್ಸು 38. ಹಿಂದಿನಿಂದ ಟೆಂಪೋ ಗುದ್ದಿ ಬಲಗೈ ಮಣಿಕಟ್ಟು ಮುರಿದು ಪ್ಲೇಟ್ ಹಾಕಿದ್ದರು. ಗಾಯ ಮಾಗಿತ್ತು, ಆದರೆ ಮುಷ್ಟಿ ಪೂರ್ತಿ ಕಟ್ಟೋಕಾಗಲ್ಲ. ನಮ್ಮ ಮೇಜಿನ ಮೇಲಿದ್ದ ನೀರಿನ ಚೊಂಬು ಎತ್ತಿ ತೋರಿಸಿ ಅಂದರೆ ಎಡಗೈ ಮುಂದೆ ಬಂತು. ಡಾಕ್ಟರು ಆ ಕೈಗೆ ಶೇ 30 ಊನ ಅಂತ ಬರೆದಿದ್ದರು. ಕಂಪನಿಯವರು ರೂಢಿಯಂತೆ ಅದರಲ್ಲಿ ಮೂರನೇ ಒಂದು ಭಾಗ ತಗೊಂಡು, ಇಡೀ ದೇಹಕ್ಕೆ ಶೇ 10 ಅಂದರು. ತಿಂಗಳಿಗೆ 15,000 ಆದಾಯ ಅಂತ ಹಿಡಿದರೆ ವರ್ಷಕ್ಕೆ 1,80,000. ಆ ವಯಸ್ಸಿಗೆ ಗುಣಕ, ಅಂದರೆ ವರ್ಷದ ಆದಾಯವನ್ನ ಎಷ್ಟರಿಂದ ಗುಣಿಸಬೇಕು ಅನ್ನೋ ಅಂಕಿ, 15. ಇದು 2009ರ ಸರಳಾ ವರ್ಮಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಪಟ್ಟಿ. ಗುಣಿಸಿದರೆ 27,00,000, ಅದರಲ್ಲಿ ಶೇ 10 ಅಂದರೆ 2,70,000.

ಆದರೆ ಬಿಸಿ ಮರಳಲ್ಲಿ ಅಕ್ಕಿ ಹುರಿಯೋ, ಚೀಲ ಎತ್ತೋ ಮನುಷ್ಯನಿಗೆ ಬಲಗೈ ಹೋದರೆ ಶೇ 10 ಮಾತ್ರ ಹೋದಂಗಾ? ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಊನ ಎಷ್ಟು ಅನ್ನೋದಕ್ಕಿಂತ, ಅದರಿಂದ ಅವನ ದುಡಿಮೆ ಎಷ್ಟು ಹೋಯ್ತು ಅಂತ ನೋಡಬೇಕು. ಅದೇ ಲೆಕ್ಕದಲ್ಲಿ ಶೇ 25 ಅಂತ ಒಪ್ಪಿಸಿದರೆ 6,75,000 ಆಗುತ್ತದೆ. ಒಪ್ಪಿಸೋದು ಹೇಗೆ? ಭಟ್ಟಿ ಮಾಲೀಕರಿಂದ ಕೆಲಸ ಏನು, ಕೂಲಿ ಎಷ್ಟು ಅಂತ ಪತ್ರ. ಕೂಲಿ ಬ್ಯಾಂಕಿಗೆ ಬರುತ್ತಿದ್ದರೆ ಪಾಸ್‌ಬುಕ್. ಸರ್ಟಿಫಿಕೇಟಿನಲ್ಲಿ ಬರೀ ಪರ್ಸೆಂಟ್ ಬರೆಸಿ ಬರಬೇಡಿ. "ಮುಷ್ಟಿ ಬಿಗಿಯಾಗಲ್ಲ, ಭಾರ ಎತ್ತೋಕಾಗಲ್ಲ" ಅಂತ ಇರಲಿ. ಸಾಧ್ಯವಾದಷ್ಟೂ ಚಿಕಿತ್ಸೆ ಕೊಟ್ಟ ಡಾಕ್ಟರೇ ಬರೆಯಲಿ. ಬೇರೆಯವರು ಬರೆದರೆ "ದುಡ್ಡು ಕೊಟ್ಟು ತಂದದ್ದು" ಅಂತ ಕಂಪನಿ ಶುರು ಮಾಡುತ್ತದೆ. ಆದಾಯಕ್ಕೆ ಏನೂ ಕಾಗದ ಇಲ್ಲದಿದ್ದರೂ ಕೈ ಚೆಲ್ಲಬೇಡಿ, ಆಯಾ ವರ್ಷಕ್ಕೆ ಇಷ್ಟು ಅಂತ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಚಾರ್ಟ್ ಇದೆ. ಅದಾಲತ್ತಿನಲ್ಲಿ ಅದನ್ನೇ ಹಿಡಿಯುತ್ತಾರೆ.

ಇದರ ಮೇಲೆ ನೋವು-ಸಂಕಟ, ಬಿಲ್ಲುಗಳು, ಮನೇಲಿ ಕೂತ ತಿಂಗಳ ಕೂಲಿ, ನೋಡಿಕೊಂಡವರ ಖರ್ಚು, ಆಟೋ, ಮುಂದೆ ಪ್ಲೇಟ್ ತೆಗೆಸೋ ಆಪರೇಷನ್ ಖರ್ಚು ಬೇರೆ ಬೇರೆ ಬಾಬತ್ತಿನಲ್ಲಿ ಬರುತ್ತವೆ. ಪ್ಲೇಟ್ ಖರ್ಚನ್ನ ಜನ ಮರೆಯುತ್ತಾರೆ. ಆಸ್ಪತ್ರೆಯಿಂದ ಅಂದಾಜು ಪಟ್ಟಿ ಬರೆಸಿಕೊಂಡು ಬನ್ನಿ. ಮೆಡಿಕಲ್ ಶಾಪಿನ ಬಿಲ್ಲುಗಳ ಶಾಯಿ ಮಾಸುತ್ತದೆ, ಮೊದಲೇ ಜೆರಾಕ್ಸ್ ಮಾಡಿಸಿ. ಅಸಲನ್ನೂ ಬಿಸಾಕಬೇಡಿ.

ಚಿಕಿತ್ಸೆ ಮುಗಿಯೋ ಮುಂಚೆ ರಾಜಿ ಬೇಡವೇ ಬೇಡ. ಮೂಳೆ ಕೂಡಿದೆಯಾ ಅಂತ ಗೊತ್ತಿಲ್ಲದೆ ಊನದ ಲೆಕ್ಕ ಎಲ್ಲಿಂದ ಬರುತ್ತೆ? ಲೋಕ್ ಅದಾಲತ್ತಿನಲ್ಲಿ ಒಪ್ಪಿದ ಮೇಲೆ ಅಪೀಲ್ ಇಲ್ಲ. ಹಾಗಂತ ರಾಜಿ ಕೆಟ್ಟದ್ದು ಅಂತಲ್ಲ. ಕೇಸ್ ಗೆದ್ದರೂ ಕಂಪನಿ ಹೈಕೋರ್ಟಿಗೆ ಹೋದರೆ ವರ್ಷಗಟ್ಟಲೆ ಕಾಯಬೇಕು. ನಿಮ್ಮ ಲೆಕ್ಕಕ್ಕಿಂತ ಸ್ವಲ್ಪ ಕಮ್ಮಿಯಾದರೂ ದುಡ್ಡು ಬೇಗ ಬರೋದಾದರೆ ಒಪ್ಪಿ ಅಂತಲೇ ನಾನು ಹೇಳೋದು. ಅರ್ಧಕ್ಕಿಂತ ಕೆಳಗೆ ಬಂದರೆ ಸುಮ್ನೆ ಎದ್ದು ಬನ್ನಿ. ರಾಜಿ ಆಗಲಿಲ್ಲ ಅಂತ ಕೇಸೇನೂ ಬಿದ್ದುಹೋಗಲ್ಲ, ಮುಂದಿನ ತಾರೀಖಿಗೆ ಹೋಗುತ್ತದೆ ಅಷ್ಟೆ.

ಸೈನ್ ಹಾಕೋ ಮುಂಚೆ ಜಂಟಿ ಮೆಮೊವನ್ನ, ಅಂದರೆ ಎರಡೂ ಕಡೆಯವರು ಸೈನ್ ಹಾಕೋ ರಾಜಿ ಪತ್ರವನ್ನ, ಓದಿಸಿ ಕೇಳಿ. ಹೇಳಿದ ಮೊತ್ತದಲ್ಲಿ ಬಡ್ಡಿ ಸೇರಿದೆಯೋ, ಬೇರೆಯೋ? ಎಷ್ಟು ದಿನದಲ್ಲಿ ಕಟ್ಟುತ್ತಾರೆ? ತಪ್ಪಿದರೆ ಬಡ್ಡಿ ಎಷ್ಟು? ಎಷ್ಟು ಕೈಗೆ ಬರುತ್ತದೆ, ಎಷ್ಟು ಎಫ್.ಡಿ. ಆಗುತ್ತದೆ? ಇಷ್ಟೂ ಅದರಲ್ಲಿ ಇರಬೇಕು. ಬ್ಯಾಂಕ್ ಪಾಸ್‌ಬುಕ್, ಆಧಾರ್, ಪ್ಯಾನ್ ಮೂರರಲ್ಲೂ ಹೆಸರು, ಇನಿಷಿಯಲ್ ಒಂದೇ ಥರ ಇದೆಯಾ ಅಂತ ನೋಡಿಕೊಂಡು ಬನ್ನಿ. ನಮ್ಮ ಕಡೆ ಇನಿಷಿಯಲ್ ತಕರಾರಿಗೇ ಚೆಕ್ಕು ವಾರಗಟ್ಟಲೆ ನಿಲ್ಲುತ್ತದೆ.